ಬಿದ್ದ ಮನೆಗೆ ಕರವೇ?

ಹೂವಿನಹಡಗಲಿ ತಾಲೂಕಿನ ಇಟ್ಟಿಗಿಯಂಥ ಊರುಗಳ ಸೀಮೆಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಬಡವರ ಆಸರೆಯಾಗಿರುವವು. ಬಿಸಿಲನ್ನು ತಡೆಯುವ ಆ ಗೋಡೆಗಳು ಜಡಿಮಳೆಯನ್ನು ತಾಳಲಾರವು. ನಾಲ್ಕು ದಿನ ಬಿಡದೆ ಸುರಿದರೆ ಗೋಡೆ ನೆನೆದು ಮಾಳಿಗೆಯ ಭಾರಕ್ಕೆ ಕುಸಿಯುವದು. 2009 ಮತ್ತು 2019ರ ನೆರೆಗಳಲ್ಲಿ ಉತ್ತರ ಕರ್ನಾಟಕವು ಈ ಸಂಕಟವನ್ನು ಕಣ್ಣಾರೆ ಕಂಡಿದೆ.

ಮನೆ ಕಳೆದುಕೊಂಡವರಿಗೆ ನೆರವಾಗುವದು ಸರಕಾರದ ಕರ್ತವ್ಯ. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿ ಸರಕಾರವು ಅದನ್ನು ಒಪ್ಪಿಕೊಂಡಿತು. ಆದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕೇಳುವದು ಯಾವ ನೀತಿ? 1993ರ ಪಂಚಾಯತ್ ರಾಜ್ ಕಾಯಿದೆಯ 199ನೆಯ ಕಲಮಿನಂತೆ ಗ್ರಾಮ ಪಂಚಾಯತಿಯು ಕಟ್ಟಡಗಳ ಮೇಲೆ ಕರ ವಿಧಿಸುವದು. ಕಟ್ಟಡವೇ ಇಲ್ಲವಾದ ಮೇಲೆ ಕರವು ಯಾತರ ಮೇಲೆ? ಮೊತ್ತವು ಅಲ್ಪವೆನ್ನುವವರುಂಟು. ಅಲ್ಪವೇ ಸರಿ, ಆದರೆ ಬಾಕಿಯು ಬೆಳೆಯುವದು, ಮನೆಯ ಕಾಗದಪತ್ರಕ್ಕಾಗಿ ಹೋದವನನ್ನು ಮೊದಲು ಕೇಳುವದು ಕರದ ರಶೀದಿಯನ್ನೇ.

ನಾವು ಹೇಳುವದು ಹೊಸ ತತ್ತ್ವವಲ್ಲ. ಬೆಳೆಯು ರೂಪಾಯಿಗೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯದ ವಸೂಲಿ ನಿಲ್ಲಬೇಕೆಂಬ ನಿಯಮವು ಪರಕೀಯರ ಆಳಿಕೆಯಲ್ಲಿಯೂ ಮುಂಬಯಿ ಇಲಾಖೆಯಲ್ಲಿತ್ತು. ಅದನ್ನು ಪಾಲಿಸಿರೆಂದೇ 1918ರಲ್ಲಿ ಗಾಂಧೀಜಿಯವರೂ ವಲ್ಲಭಭಾಯಿ ಪಟೇಲರೂ ಖೇಡಾ ಜಿಲ್ಲೆಯ ರೈತರೊಡನೆ ಸತ್ಯಾಗ್ರಹಕ್ಕೆ ನಿಂತರು. ಹೊಲಕ್ಕೆ ಸಂದ ನ್ಯಾಯವು ಮನೆಗೇಕೆ ಸಲ್ಲಬಾರದು? ಅಮೇರಿಕೆಯ ಟೆಕ್ಸಾಸ್ ಸಂಸ್ಥಾನದಲ್ಲಿ 2019ರ ಕಾಯಿದೆಯಂತೆ, ವಿಪತ್ತಿಗೀಡಾದ ಪ್ರದೇಶವೆಂದು ಸಾರಿದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದೆ ಹಾನಿಗೊಂಡ ಕಟ್ಟಡಕ್ಕೆ ಹಾನಿಯ ಮಟ್ಟವನ್ನನುಸರಿಸಿ ಕರದ ರಿಯಾಯಿತಿಯುಂಟು. ನಮ್ಮ ವಿಪತ್ತು ಪರಿಹಾರ ನಿಧಿಯ ನಿಯಮಗಳೂ ಭಾಗಶಃ ಹಾನಿಗೆ ಶೇಕಡಾ 15ನ್ನೇ ಗಡಿಯಾಗಿರಿಸಿವೆ. ಅಂದಮೇಲೆ ಅಳತೆಯು ಪರಿಹಾರಕ್ಕಾಗಿ ಹೇಗೂ ನಡೆಯುವದು. ಆ ಪಟ್ಟಿಯನ್ನು ಕರದ ವಹಿಗೆ ಜೋಡಿಸುವ ಮನಸ್ಸೊಂದೇ ಬೇಕಾಗಿರುವದು.

ಪಂಚಾಯತಿಯ ಬೊಕ್ಕಸವು ಬರಿದಾದರೆ ಬೀದಿದೀಪ, ಕುಡಿಯುವ ನೀರುಗಳ ಗತಿಯೇನೆಂಬ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ನೆರೆಯ ಹೊರೆಯನ್ನು ನೊಂದ ಊರೇ ಹೊರಬೇಕೆಂಬುದು ಅನ್ಯಾಯ. ಬಿಟ್ಟ ಕರವನ್ನು ರಾಜ್ಯದ ಖಜಾನೆಯು ತುಂಬಿಕೊಡತಕ್ಕದ್ದು.

ಆದಕಾರಣ, ಹಾನಿಯ ಪಟ್ಟಿಯಲ್ಲಿ ಹೆಸರು ಬಂದ ಮನೆಯ ಕರವು, ಅರ್ಜಿಯಿಲ್ಲದೆ, ಅಲೆದಾಟವಿಲ್ಲದೆ, ಮನೆ ಮತ್ತೆ ಏಳುವವರೆಗೆ ತಾನಾಗಿಯೇ ನಿಲ್ಲಬೇಕು. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಸರಕಾರವು ಈ ಕಟ್ಟಳೆಯನ್ನು ಮಾಡಲಿ. ಸ್ವರಾಜ್ಯವೆಂಬುದು ಬಡವನ ಹೊಸ್ತಿಲಿಗೆ ವಸೂಲಿಯವನ ರೂಪದಲ್ಲಿ ಮೊದಲು ಬರಲಾಗದು.