ಬಾಕ್ಸ್ ಬಿಚ್ಚಿದ ಮಾತ್ರಕ್ಕೆ ರಿವ್ಯೂ ಆಗದು

ಪವರ್ ಬ್ಯಾಂಕಿನ ಮುಖದ ಮೇಲೆ ದೊಡ್ಡ ಅಂಕಿಗಳಲ್ಲಿ 10,000 ಎಂಎಎಚ್ ಎಂದಿರುತ್ತದೆ. ಅದನ್ನೇ ಬೋರಲು ಹಾಕಿ, ಬೆನ್ನಿನ ಮೇಲೆ ಇರುವೆ ಸಾಲಿನಂತೆ ಹರಿದಿರುವ ಅಕ್ಷರಗಳನ್ನು ಓದಿದರೆ ‘ರೇಟೆಡ್ ಕೆಪಾಸಿಟಿ’ ಎಂಬ ಹೆಸರಿನಲ್ಲಿ ಆರು ಸಾವಿರದ ಆಸುಪಾಸಿನ ಇನ್ನೊಂದು ಸಂಖ್ಯೆ ಸಿಗುತ್ತದೆ. ಎರಡೂ ಸುಳ್ಳಲ್ಲ. ಒಳಗಿರುವ ಸೆಲ್ಲುಗಳ ವೋಲ್ಟೇಜ್ ಸುಮಾರು 3.7, ಸಾಮಾನ್ಯ ಯುಎಸ್‌ಬಿ ಕಿಂಡಿಯಿಂದ ಹೊರಬರುವುದು 5 ವೋಲ್ಟ್. 10,000 ಎಂಎಎಚ್‌ಗೆ 3.7 ವೋಲ್ಟ್ ಲೆಕ್ಕ ಹಿಡಿದರೆ ಒಟ್ಟು ಶಕ್ತಿ 37 ವ್ಯಾಟ್-ಅವರ್. ಅಷ್ಟೇ ಶಕ್ತಿ 5 ವೋಲ್ಟ್ ಲೆಕ್ಕದಲ್ಲಿ 7,400 ಎಂಎಎಚ್. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ತಾನು ಬಿಸಿಯಾಗಿ ಕಳೆಯುವ ಪಾಲನ್ನೂ ತೆಗೆದರೆ ಉಳಿಯುವುದು ಆರು ಸಾವಿರ ಚಿಲ್ಲರೆ. 5,000 ಎಂಎಎಚ್ ಬ್ಯಾಟರಿಯ ಫೋನನ್ನು ಎರಡು ಸಲ ತುಂಬಿಸಬಹುದೆಂದು ನಂಬಿ ಕೊಂಡವರಿಗೆ ಒಂದೂವರೆ ಸಲ ತುಂಬಿದರೆ ಪುಣ್ಯ.

ಈ ಲೆಕ್ಕಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಆದರೂ ಪವರ್ ಬ್ಯಾಂಕಿನ ರಿವ್ಯೂ ಎಂದು ಬರುವ ಬಹುಪಾಲು ವಿಡಿಯೊಗಳಲ್ಲಿ ಇದು ಕಾಣಿಸುವುದಿಲ್ಲ. ಕಾಣಿಸುವುದು ಬಾಕ್ಸಿನ ಮೇಲಿನ ಪ್ಲಾಸ್ಟಿಕ್ ಹರಿಯುವ ಸದ್ದು, ಬಣ್ಣ, ಕೈಯಲ್ಲಿ ಹಿಡಿದಾಗಿನ ‘ಪ್ರೀಮಿಯಂ ಫೀಲ್’, ಕೊನೆಗೆ ಕೆಳಗಿನ ಲಿಂಕ್ ಒತ್ತಿ ಎಂಬ ಕೋರಿಕೆ.

ಮನೆ ಬಿಡುವಾಗ ಜೇಬು ಮುಟ್ಟಿ ನೋಡಿಕೊಳ್ಳುವ ಸಾಮಾನುಗಳ ಪಟ್ಟಿ ಈಗ ಉದ್ದವಾಗಿದೆ. ಬೀಗದ ಕೈ, ಪರ್ಸು, ಪೆನ್ನಿನ ಜೊತೆಗೆ ಫೋನ್, ಇಯರ್‌ಬಡ್, ಸ್ಮಾರ್ಟ್‌ವಾಚ್, ಕೇಬಲ್, ಪವರ್ ಬ್ಯಾಂಕ್ ಸೇರಿವೆ. ಟಿವಿಯೋ ಫ್ರಿಜ್ಜೋ ಇಟ್ಟ ಜಾಗದಲ್ಲಿ ಇರುತ್ತದೆ. ಜೇಬಿನ ಸಾಮಾನು ಬೆವರು ಕುಡಿಯುತ್ತದೆ, ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಬೈಕಿನ ಡಿಕ್ಕಿಯೊಳಗೆ ಬೇಯುತ್ತದೆ. ಅದರ ಯೋಗ್ಯತೆ ತಿಳಿಯುವುದು ಎಂಟನೇ ತಿಂಗಳಿಗೆ, ಎರಡನೇ ವರ್ಷಕ್ಕೆ. ರಿವ್ಯೂ ಬರುವುದು ಮಾತ್ರ ಮಾರುಕಟ್ಟೆಗೆ ಬಿಡುಗಡೆಯಾದ ದಿನವೇ.

ಇದಕ್ಕೆ ಕಾರಣ ರಿವ್ಯೂ ಮಾಡುವವರ ಅಪ್ರಾಮಾಣಿಕತೆಯೊಂದೇ ಅಲ್ಲ. ಕಂಪನಿಗಳು ಬಿಡುಗಡೆಗೆ ಕೆಲವು ದಿನ ಮುಂಚೆ ವಸ್ತುವನ್ನು ಕಳುಹಿಸಿ, ಇಂಥ ದಿನ ಇಷ್ಟು ಗಂಟೆಯ ತನಕ ಬಾಯಿ ಬಿಡಬಾರದೆಂದು ಕರಾರು ಹಾಕುತ್ತವೆ. ಗಡುವು ಮುಗಿದ ನಿಮಿಷದಲ್ಲಿ ಹತ್ತಾರು ವಿಡಿಯೊ ಒಟ್ಟಿಗೆ ಹೊರಬೀಳುತ್ತವೆ. ಆ ಓಟದಲ್ಲಿ ಹಿಂದೆ ಬಿದ್ದವರ ವಿಡಿಯೊ ನೋಡುವವರು ಕಡಿಮೆ. ಲಿಂಕಿನ ಮೂಲಕ ಕೊಂಡರೆ ಸಿಗುವ ಕಮಿಷನ್ ಕೂಡ ಆ ಮೊದಲ ದಿನಗಳದ್ದೇ.

ಹಣದ ನಂಟನ್ನು ಮುಚ್ಚಿಡಬಾರದೆಂಬ ನಿಯಮ ನಮ್ಮಲ್ಲಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಕುರಿತು ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಮಾಧ್ಯಮದ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಸೂಚನೆ ಹೊರಡಿಸಿತು. ಹಣ ಪಡೆದಿದ್ದರೆ ಸರಿಯೇ, ವಸ್ತುವನ್ನು ಪುಕ್ಕಟೆ ಪಡೆದಿದ್ದರೂ ಅದನ್ನು ನೋಡುಗರಿಗೆ ಎದ್ದು ಕಾಣುವಂತೆ ಹೇಳಲೇಬೇಕು. ದಾರಿ ತಪ್ಪಿಸಿದರೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ನಿಯಮ ಒಳ್ಳೆಯದೇ. ಆದರೆ ‘ಪೇಯ್ಡ್’ ಎಂದು ಪರದೆಯ ಮೂಲೆಯಲ್ಲಿ ಬರೆದ ಮಾತ್ರಕ್ಕೆ ಮೂರು ದಿನದ ಬಳಕೆ ಮೂರು ತಿಂಗಳಿನದಾಗುವುದಿಲ್ಲ.

ಕಾಲ ಯಾಕೆ ಮುಖ್ಯ ಎಂಬುದಕ್ಕೆ 2025ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ವರ್ಷದ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬೂಸಾನ್ ವಿಮಾನವೊಂದು ಹಾರುವ ಮುನ್ನವೇ ಹೊತ್ತಿ ಉರಿಯಿತು. ಪ್ರಯಾಣಿಕರು ಜಾರುಪಟ್ಟಿ ಹಿಡಿದು ಇಳಿದು ಜೀವ ಉಳಿಸಿಕೊಂಡರು. ಅನುಮಾನ ಪವರ್ ಬ್ಯಾಂಕಿನ ಮೇಲೆ ಬಿತ್ತು. ಮಾರ್ಚ್ 1ರಿಂದ ಆ ದೇಶ ಪವರ್ ಬ್ಯಾಂಕನ್ನು ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ ಇಡುವುದನ್ನೇ ನಿಷೇಧಿಸಿತು. ಜೂನ್‌ನಲ್ಲಿ ಆ್ಯಂಕರ್ ಕಂಪನಿ ಅಮೆರಿಕದಲ್ಲಿ ಮಾರಿದ್ದ ಪವರ್‌ಕೋರ್ 10000 ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಬೆಂಕಿಯ ಅಪಾಯದ ಕಾರಣಕ್ಕೆ ವಾಪಸ್ ಕರೆಸಿಕೊಂಡಿತು. ಅದೇ ತಿಂಗಳು ಚೀನಾದ ರೋಮಾಸ್ ಕಂಪನಿ 4.9 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಹಿಂದಕ್ಕೆ ಪಡೆಯಿತು. ಜೂನ್ 28ರಿಂದ ಚೀನಾ ತನ್ನ ದೇಶದೊಳಗಿನ ವಿಮಾನಗಳಲ್ಲಿ ತನ್ನ ಕಡ್ಡಾಯ ಪ್ರಮಾಣೀಕರಣದ ‘3ಸಿ’ ಗುರುತಿಲ್ಲದ ಪವರ್ ಬ್ಯಾಂಕುಗಳಿಗೆ ಬಾಗಿಲು ಮುಚ್ಚಿತು.

ಆ್ಯಂಕರ್ ಬೀದಿಬದಿಯ ಹೆಸರಲ್ಲ. ವರ್ಷಗಟ್ಟಲೆ ಶಿಫಾರಸು ಪಟ್ಟಿಗಳಲ್ಲಿ ಮೆರೆದ ಹೆಸರು. ವಾಪಸ್ ಕರೆಸಿಕೊಂಡ ಆ ಮಾದರಿ ಮಾರಾಟವಾದದ್ದು 2016ರಿಂದ 2022ರ ನಡುವೆ. ಅಪಾಯ ಅಧಿಕೃತವಾಗಿ ಹೊರಬಿದ್ದದ್ದು 2025ರಲ್ಲಿ. ಯಾವ ಬಾಕ್ಸ್ ಬಿಚ್ಚುವ ವಿಡಿಯೊ ತಾನೇ ಇದನ್ನು ಹೇಳಲು ಸಾಧ್ಯವಿತ್ತು? ಹಳೆಯ ಶಿಫಾರಸಿನ ಕೆಳಗೆ ‘ಈ ಮಾದರಿ ಬಳಸಬೇಡಿ’ ಎಂದು ನಂತರವಾದರೂ ಒಂದು ಸಾಲು ಸೇರಿಸುವುದು ಅದನ್ನು ಹೊಗಳಿದವರ ಕರ್ತವ್ಯ. ಆ ಶಿಸ್ತು ನಮ್ಮ ಗ್ಯಾಜೆಟ್ ಬರವಣಿಗೆಯಲ್ಲಿ ಇನ್ನೂ ಬೇರೂರಿಲ್ಲ.

ಭಾರತದಲ್ಲಿ ಪವರ್ ಬ್ಯಾಂಕ್, ಚಾರ್ಜರ್, ಫೋನುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ವಸ್ತುವಿನ ಮೇಲೆ ಬ್ಯೂರೋದ ಗುರುತು, ಐಎಸ್ ಸಂಖ್ಯೆ ಹಾಗೂ ‘ಆರ್’ ಅಕ್ಷರದಿಂದ ಶುರುವಾಗುವ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದ್ದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯ ಮುಂದೆ ನಿಂತೇ ಮಾಡಬಹುದಾದ ಕೆಲಸ ಇದು. ರಿವ್ಯೂ ಮಾಡುವವರು ಕ್ಯಾಮೆರಾ ಮುಂದೆ ಮಾಡಿ ತೋರಿಸಿದರೆ ಅರ್ಧ ನಿಮಿಷವೂ ಹಿಡಿಯದು.

ಕಾಲದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಊರು. ಐಫೋನ್ ಬಳಸುವ ಜಾಗದ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂದು ಆ್ಯಪಲ್ ತಾನೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಲಿಥಿಯಂ ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದು ಶಾಖವೇ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು, ಮ್ಯಾಪ್ ತೆರೆದಿಟ್ಟು, ನಡುಮಧ್ಯಾಹ್ನ ಊಟ ತಲುಪಿಸುವ ಹುಡುಗನಿಗೆ ಬೇಕಾದ ಮಾಹಿತಿ ಏಸಿ ಕೋಣೆಯಲ್ಲಿ ಚಿತ್ರೀಕರಿಸಿದ ರಿವ್ಯೂನಲ್ಲಿ ಸಿಗುವುದಿಲ್ಲ. ಬಿಸಿಲಿನಲ್ಲಿ ಪರದೆಯ ಬೆಳಕು ಎಷ್ಟಕ್ಕೆ ಇಳಿಯಿತು, ಚಾರ್ಜಿಂಗ್ ತಾನಾಗಿ ಯಾವಾಗ ನಿಂತಿತು ಎಂದು ರಾಯಚೂರಿನಲ್ಲಿ ನಿಂತು ಪರೀಕ್ಷಿಸಿ ಹೇಳುವ ಕನ್ನಡದ ರಿವ್ಯೂ ಬಂದರೆ ಅದಕ್ಕೆ ಸಮನಾದದ್ದು ಇಂಗ್ಲಿಷಿನಲ್ಲೂ ಸುಲಭಕ್ಕೆ ಸಿಗದು.

ಮಲೆನಾಡಿಗೆ ಹೋದರೆ ಜೇಬಿನ ಮುಖ್ಯ ಸಾಮಾನು ಟಾರ್ಚ್. ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರಿಗೆ, ಆನೆ ಓಡಾಡುವ ಊರುಗಳಲ್ಲಿ ಬೆಳಗಿನ ಜಾವ ಬಸ್ಸಿಗೆ ಹೊರಡುವವರಿಗೆ ಅದು ಷೋಕಿಯ ವಸ್ತುವಲ್ಲ. ಈ ಟಾರ್ಚುಗಳ ಬಾಕ್ಸಿನ ಮೇಲೆ ‘ಎರಡು ಕಿಲೋಮೀಟರ್ ಬೆಳಕು’ ಎಂಬಂಥ ಮಾತು ಧಾರಾಳ. ಇದನ್ನು ಅಳೆಯಲು ಅಮೆರಿಕದ ಎಫ್ಎಲ್1 ಎಂಬ ಮಾನದಂಡವೊಂದಿದೆ. ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ ಇಳಿಯುವ ಜಾಗದವರೆಗಿನ ದೂರವನ್ನು ಅದು ‘ದೂರ’ ಎಂದು ಲೆಕ್ಕ ಹಾಕುತ್ತದೆ. ಅಷ್ಟು ದೂರದಲ್ಲಿ ನಿಂತ ಆನೆ ಕಂಡೀತೇ ಹೊರತು ಹುಲ್ಲಿನೊಳಗಿನ ಹಾವು ಕಾಣದು. ‘ಎಂಟು ಗಂಟೆ ಉರಿಯುತ್ತದೆ’ ಎಂಬುದಕ್ಕೂ ಅರ್ಥ ಬೇರೆ. ಮೊದಲಿನ ಬೆಳಕು ಶೇ 10ಕ್ಕೆ ಕುಸಿಯುವವರೆಗಿನ ಅವಧಿ ಅದು. ಪ್ರಖರ ಟಾರ್ಚುಗಳು ಬಿಸಿಯಾಗದಿರಲೆಂದು ಕೆಲವೇ ನಿಮಿಷಗಳಲ್ಲಿ ತಾವೇ ಬೆಳಕು ತಗ್ಗಿಸಿಕೊಳ್ಳುತ್ತವೆ. ಮಾನದಂಡವನ್ನೇ ಪಾಲಿಸದ ಕಂಪನಿಗಳ ಮಾತಂತೂ ಗಾಳಿಯಲ್ಲಿ ತೇಲುವ ಅಂಕಿ. 18650 ಎಂಬ ಅಳತೆಯ ಸೆಲ್ ಮೇಲೆ 9,900 ಎಂಎಎಚ್ ಎಂದು ಮುದ್ರಿಸಿ ಮಾರುವವರಿದ್ದಾರೆ. ಜಗತ್ತಿನ ಹೆಸರಾಂತ ಕಂಪನಿಗಳು ಅದೇ ಅಳತೆಯಲ್ಲಿ ಮಾಡುವ ಉತ್ತಮ ಸೆಲ್‌ಗಳ ಸಾಮರ್ಥ್ಯ 3,500ರ ಆಸುಪಾಸು. ಹಾಗಾಗಿ ಟಾರ್ಚಿನ ರಿವ್ಯೂ ಎಂದರೆ ಹತ್ತು ಹತ್ತು ನಿಮಿಷಕ್ಕೆ ಬೆಳಕು ಎಷ್ಟು ಉಳಿದಿದೆ ಎಂಬ ಪಟ್ಟಿ. ಗೋಡೆಗೆ ಬೆಳಕು ಬಿಟ್ಟು ‘ವಾವ್’ ಎನ್ನುವುದು ರಿವ್ಯೂ ಅಲ್ಲ.

ಇಯರ್‌ಬಡ್‌ಗಳದ್ದು ಅಕ್ಷರಗಳ ಆಟ. ಕಡಿಮೆ ಬೆಲೆಯ ಬಾಕ್ಸ್‌ಗಳ ಮೇಲೆ ಇಎನ್‌ಸಿ ಎಂದಿರುತ್ತದೆ. ಅದು ಕರೆಯಲ್ಲಿ ಆಚೆ ಇರುವವರಿಗೆ ನಮ್ಮ ಸುತ್ತಲಿನ ಗದ್ದಲ ಕೇಳದಂತೆ ಮಾಡುವ ವ್ಯವಸ್ಥೆ. ಬಸ್ಸಿನ ಎಂಜಿನ್ ಸದ್ದು ನಮ್ಮ ಕಿವಿಗೆ ಕಡಿಮೆಯಾಗಬೇಕಾದರೆ ಬೇಕಾದದ್ದು ಎಎನ್‌ಸಿ. ಒಂದು ಅಕ್ಷರದ ವ್ಯತ್ಯಾಸವನ್ನು ಬಿಡಿಸಿ ಹೇಳದ ರಿವ್ಯೂಗಳು ಕೊಳ್ಳುವವರ ಗೊಂದಲವನ್ನು ಹೆಚ್ಚಿಸುತ್ತವೆ. ಪುಟ್ಟ ಬ್ಯಾಟರಿ ಸತ್ತರೆ ಇಡೀ ಜೋಡಿ ಕಸ. ಬಿಡಿಭಾಗಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಆ್ಯಪಲ್‌ನ ಮೊದಲ ಏರ್‌ಪಾಡ್‌ಗೆ ರಿಪೇರಿ ವಿಷಯದಲ್ಲಿ ಕೊಟ್ಟದ್ದು ಹತ್ತಕ್ಕೆ ಸೊನ್ನೆ.

ಇದರ ಪಕ್ಕದಲ್ಲಿ ಎಚ್‌ಎಂಟಿ ಜನತಾ ವಾಚನ್ನು ಇಟ್ಟು ನೋಡಬೇಕು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ಆ ಘಟಕಕ್ಕೆ ಬೀಗ ಹಾಕಲು ಕೇಂದ್ರ ಸಂಪುಟ ತೀರ್ಮಾನಿಸಿದ್ದು 2016ರಲ್ಲಿ. ಕೀ ಕೊಡುವ ಅದರ ವಾಚುಗಳು ಇಂದಿಗೂ ಕೈಯಲ್ಲಿ ನಡೆಯುತ್ತಿವೆ. ಬಿಚ್ಚಲು ಬರುವ ಯಂತ್ರ, ಬಿಚ್ಚಲು ಬಲ್ಲ ರಿಪೇರಿಯವರು, ಸಿಗುವ ಬಿಡಿಭಾಗ ಎಂಬ ಮೂರು ಕಾರಣಕ್ಕೆ ಅವು ಉಳಿದಿವೆ. ಸ್ಮಾರ್ಟ್‌ವಾಚ್ ಮಾಡುವ ಕೆಲಸ ಜನತಾ ಮಾಡಲಾರದು, ನಿಜ. ಹಾಗಂತ ಸ್ಮಾರ್ಟ್‌ವಾಚ್ ಹೇಳಿದ್ದೆಲ್ಲವೂ ನಿಜವಲ್ಲ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ತಾನು ಒಪ್ಪಿಗೆ ನೀಡಿಲ್ಲ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಮಧುಮೇಹಿಯೊಬ್ಬರು ಇಂಥ ವಾಚು ನೋಡಿ ಇನ್ಸುಲಿನ್ ಹಾಕಿಕೊಂಡರೆ ಹೋಗುವುದು ಪ್ರಾಣ.

ಸಾವಿರ ರೂಪಾಯಿಯ ಸಾಮಾನಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ, ಹೋದರೆ ಇನ್ನೊಂದು ಕೊಂಡರಾಯಿತು ಎನ್ನುವವರಿದ್ದಾರೆ. ವರ್ಷಕ್ಕೊಂದರಂತೆ ಮೂರು ಸಲ ಕೊಂಡರೆ ಮೂರು ಸಾವಿರ. ಒಮ್ಮೆಗೇ ಅಷ್ಟು ಕೊಡಲಾಗದವರೇ ಹೀಗೆ ಕಂತಿನಲ್ಲಿ ಹೆಚ್ಚು ಕಳೆದುಕೊಳ್ಳುತ್ತಾರೆ. ದೀರ್ಘ ಬಳಕೆಯ ರಿವ್ಯೂ ಮಾಡಿದರೆ ನೋಡುವವರಿಲ್ಲ ಎಂಬ ಯೂಟ್ಯೂಬರ್‌ಗಳ ಅಳಲಿನಲ್ಲಿ ಸತ್ಯವಿದೆ. ಆದರೆ ಅವರಿಂದ ಲ್ಯಾಬೊರೇಟರಿಯನ್ನೇನೂ ಯಾರೂ ಕೇಳುತ್ತಿಲ್ಲ. ಪವರ್ ಬ್ಯಾಂಕಿನಿಂದ ಎಷ್ಟು ವ್ಯಾಟ್-ಅವರ್ ಹೊರಬಂತೆಂದು ತೋರಿಸುವ ಯುಎಸ್‌ಬಿ ಮೀಟರ್ ದುಬಾರಿಯೇನಲ್ಲ. ಆರು ತಿಂಗಳ ನಂತರ ಎರಡು ನಿಮಿಷದ ಇನ್ನೊಂದು ವಿಡಿಯೊ, ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ಸರ್ವಿಸ್ ಸೆಂಟರ್ ಇದೆಯೇ ಎಂಬ ಒಂದು ಸಾಲು, ಬ್ಯಾಟರಿ ಬದಲಿಸಲು ತಗಲುವ ಬೆಲೆ: ಇಷ್ಟು ಸೇರಿಸಿದರೆ ನೋಡುವವರೂ ಹುಡುಕಿಕೊಂಡು ಬರುತ್ತಾರೆ.

ಉಳಿದದ್ದು ಸರ್ಕಾರದ ಪಾಲು. ಫೋನ್ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂಬ ಅಂಕವನ್ನು ಅಂಗಡಿಯಲ್ಲೇ ತೋರಿಸಬೇಕೆಂದು ಫ್ರಾನ್ಸ್ 2021ರಲ್ಲೇ ಕಡ್ಡಾಯ ಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸಲ ಪೂರ್ಣ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾರಾಟ ನಿಂತ ಏಳು ವರ್ಷದವರೆಗೆ ಮುಖ್ಯ ಬಿಡಿಭಾಗ ಸಿಗಬೇಕು. ಭಾರತ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಫೋನು ಮತ್ತಿತರ ಎಲೆಕ್ಟ್ರಾನಿಕ್ ವಸ್ತುಗಳ ರಿಪೇರಿ ಸೂಚ್ಯಂಕದ ಬಗ್ಗೆ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ವರದಿ ಕೊಟ್ಟಿದೆ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ರಾಜ್ಯದ ಗ್ರಾಹಕನಿಗೆ ಪ್ಯಾರಿಸ್ಸಿನ ಗ್ರಾಹಕನಷ್ಟೇ ಮಾಹಿತಿ ಸಿಗಬೇಕು. ಆ ಸೂಚ್ಯಂಕ ಐಚ್ಛಿಕವಾಗಿ ಉಳಿಯದೆ ಕಡ್ಡಾಯವಾಗಿ, ಬಾಕ್ಸಿನ ಮೇಲೆ ಬೆಲೆಯ ಪಕ್ಕದಲ್ಲೇ ಬರಬೇಕು.

ಅಲ್ಲಿಯವರೆಗೆ ಕೊಳ್ಳುವವರೇ ಎಚ್ಚರ ವಹಿಸಬೇಕು. ದುಡ್ಡು ಕೊಡುವ ಮುನ್ನ ವಸ್ತುವನ್ನು ತಿರುಗಿಸಿ ಸಣ್ಣ ಅಕ್ಷರ ಓದಿ, ಆರ್ ಸಂಖ್ಯೆ ಪರೀಕ್ಷಿಸಿ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆಯೆಂದು ಕೇಳಿ, ಜಿಎಸ್‌ಟಿ ಬಿಲ್ ಪಡೆದು ಜೋಪಾನವಾಗಿಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಕೊಡಬಹುದು.