ಮುನ್ನೋಟದಲ್ಲೇ ಮುಗಿಯುವ ಮಾರಾಟ: ಕಾರ್ಡಾಟಕ್ಕೆ ಬಂದ ವಿಡಿಯೊ ಗೇಮ್

ಮಳವಳ್ಳಿ: ಅಂಗಡಿಗೆ ಬರಲು ಇನ್ನೂ ನಾಲ್ಕು ತಿಂಗಳಿರುವ ಸರಕಿಗೆ ಜನರು ಮುಂಗಡ ಹಣ ಕಟ್ಟಲು ಮುಗಿಬಿದ್ದರೆ, ಅಲ್ಲಿ ಮಾರಾಟವಾಗುತ್ತಿರುವುದು ಸರಕೋ ಅಥವಾ ಸರಕಿನ ಮೇಲಿನ ಆಸೆಯೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯು ತನ್ನ ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡಾಟದ ಹೊಸ ಸೆಟ್ಟೊಂದರ ಮೊದಲ ಮುನ್ನೋಟವನ್ನು ಬಿಡುಗಡೆ ಮಾಡಿತು. ಜಪಾನಿನ ಪ್ರಸಿದ್ಧ ವಿಡಿಯೊ ಗೇಮ್ ಸರಣಿ ‘ಫೈನಲ್ ಫ್ಯಾಂಟಸಿ’ಯ ಪಾತ್ರಗಳನ್ನು ಕಾರ್ಡುಗಳಿಗೆ ಇಳಿಸಿದ ಸೆಟ್ಟು ಅದು. ಮುಂಗಡ ಕಾಯ್ದಿರಿಸುವಿಕೆಯೂ ಅದೇ ತಿಂಗಳು ಆರಂಭವಾಯಿತು. ಜೂನ್ 13ರಂದು ಸೆಟ್ಟು ಮಾರುಕಟ್ಟೆಗೆ ಬಂದಾಗ ಒಂದೇ ದಿನದಲ್ಲಿ 20 ಕೋಟಿ ಡಾಲರ್ ವಹಿವಾಟು ನಡೆಯಿತೆಂದು ಮಾತೃಸಂಸ್ಥೆ ಹ್ಯಾಸ್ಬ್ರೊ ಮುಂದಿನ ತಿಂಗಳು ತನ್ನ ಹೂಡಿಕೆದಾರರಿಗೆ ತಿಳಿಸಿತು. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 1,700 ಕೋಟಿ ರೂಪಾಯಿ.

ಸಾಗರದಾಚೆಯ ಈ ವ್ಯಾಪಾರಕ್ಕೂ ಕಬ್ಬು-ಭತ್ತದ ಮಳವಳ್ಳಿ ತಾಲ್ಲೂಕಿಗೂ ಏನು ಸಂಬಂಧ ಎಂದು ಕೇಳಬಹುದು. ಹಿಂದೆ ಸರಕು ತಲುಪದ ಊರಿಗೆ ಅದರ ಆಸೆಯೂ ಅಷ್ಟಾಗಿ ತಲುಪುತ್ತಿರಲಿಲ್ಲ. ಈಗ ಅಂಗಡಿ ಬೆಂಗಳೂರಿನಲ್ಲಿದ್ದರೂ ಮುನ್ನೋಟ ಮೊಬೈಲ್ ಫೋನಿನಲ್ಲಿದೆ. ರಾಜಧಾನಿಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಪಟ್ಟಣದ ಹೈಸ್ಕೂಲು ಹುಡುಗನೂ ಅಮೆರಿಕದ ಗ್ರಾಹಕನೂ ಅದೇ ಗಳಿಗೆಯಲ್ಲಿ ಅದೇ ಚಿತ್ರವನ್ನು ನೋಡುತ್ತಾರೆ. ಆದರೆ ಇಬ್ಬರ ಜೇಬು ಒಂದೇ ಅಲ್ಲ. ಅವರಿಗೆ ದೊರೆಯುವ ರಕ್ಷಣೆಯೂ ಒಂದೇ ಅಲ್ಲ.

ಆಟದ ಹಿನ್ನೆಲೆ

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್’ 1993ರಲ್ಲಿ ಮಾರುಕಟ್ಟೆಗೆ ಬಂದಿತು. ಇಸ್ಪೀಟಿನಲ್ಲಿ ಎಲ್ಲ ಆಟಗಾರರಿಗೂ ಒಂದೇ ಕಟ್ಟಿನಿಂದ ಎಲೆ ಹಂಚಲಾಗುತ್ತದೆ. ಇಲ್ಲಿ ಹಾಗಲ್ಲ, ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ತಾನೇ ಸಂಗ್ರಹಿಸಿ, ತಾನೇ ಜೋಡಿಸಿಕೊಂಡು ಬರಬೇಕು. ಸಾಮಾನ್ಯ ಪೊಟ್ಟಣವೊಂದರಲ್ಲಿ 14 ಕಾರ್ಡುಗಳಿರುತ್ತವೆ. ಒಳಗೆ ಯಾವ ಕಾರ್ಡುಗಳಿವೆ ಎಂಬುದು ಪೊಟ್ಟಣ ಹರಿದ ಮೇಲಷ್ಟೇ ತಿಳಿಯುತ್ತದೆ. ಸಾಧಾರಣ ಕಾರ್ಡುಗಳು ಮತ್ತೆ ಮತ್ತೆ ಸಿಗುತ್ತವೆ, ವಿರಳವಾದವು ಅಪರೂಪಕ್ಕೆ ಕೈಸೇರುತ್ತವೆ. ಬುದ್ಧಿಗೆ ಕಸರತ್ತು ನೀಡುವ ಆಟವೂ ಅದೃಷ್ಟವನ್ನು ಕೆಣಕುವ ವ್ಯಾಪಾರವೂ ಒಂದೇ ಹೊದಿಕೆಯೊಳಗೆ ಕೂಡಿಕೊಂಡಿರುವುದು ಇದರ ವಿಶೇಷ.

ಈ ತಂತ್ರ ಕರ್ನಾಟಕಕ್ಕೆ ತೀರಾ ಅಪರಿಚಿತವೇನಲ್ಲ. 1987ರ ರಿಲಯನ್ಸ್ ವಿಶ್ವಕಪ್ ಕಾಲದಲ್ಲಿ ‘ಬಿಗ್ ಫನ್’ ಚ್ಯೂಯಿಂಗ್ ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು, ಅದರಲ್ಲಿ ಮುದ್ರಿಸಿದ ರನ್ನುಗಳನ್ನು ಮಕ್ಕಳು ಕೂಡಿಡುತ್ತಿದ್ದರು. ಮುಂದೆ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು ಬಂದವು, ಚಿಪ್ಸ್ ಪೊಟ್ಟಣಗಳಲ್ಲಿ ಪೋಕೆಮಾನ್ ಬಿಲ್ಲೆಗಳು ಬಂದವು. ಆದರೆ ಅವುಗಳಿಗಾಗಿ ಮಕ್ಕಳು ತೆರುತ್ತಿದ್ದುದು ಚಿಲ್ಲರೆ ಕಾಸು. ಇಂದಿನ ಲೆಕ್ಕವೇ ಬೇರೆ.

ಎರವಲು ಲೋಕಗಳು

ಮೂರು ದಶಕದ ಬಹುಭಾಗ ತನ್ನದೇ ಕಲ್ಪಿತ ಲೋಕದ ಕತೆಗಳನ್ನು ಹೇಳಿಕೊಂಡು ಬಂದ ಆಟವು 2020ರ ನಂತರ ಹೊರಗಿನ ಕತೆಗಳತ್ತ ತಿರುಗಿತು. ‘ಯೂನಿವರ್ಸಸ್ ಬಿಯಾಂಡ್’ ಎಂಬ ಹೆಸರಿನಡಿ ಟಿವಿ ಧಾರಾವಾಹಿ, ಕಾದಂಬರಿ, ವಿಡಿಯೊ ಗೇಮ್‌ಗಳ ಪಾತ್ರಗಳು ಕಾರ್ಡುಗಳಾದವು. 2023ರ ‘ಲಾರ್ಡ್ ಆಫ್ ದ ರಿಂಗ್ಸ್’ ಸೆಟ್ಟಿನಲ್ಲಿ ಜಗತ್ತಿಗೆಲ್ಲ ಒಂದೇ ಪ್ರತಿಯಂತೆ ಮುದ್ರಿಸಿದ್ದ ಕಾರ್ಡನ್ನು ಗಾಯಕ ಪೋಸ್ಟ್ ಮಲೋನ್ ಸುಮಾರು 20 ಲಕ್ಷ ಡಾಲರ್ ಕೊಟ್ಟು ಖರೀದಿಸಿದ್ದು ವಿಶ್ವದಾದ್ಯಂತ ಸುದ್ದಿಯಾಯಿತು. 2024ರಲ್ಲಿ ‘ಫಾಲ್‌ಔಟ್’ ಮತ್ತು ‘ಅಸಾಸಿನ್ಸ್ ಕ್ರೀಡ್’ ವಿಡಿಯೊ ಗೇಮ್‌ಗಳ ಸರದಿ ಬಂದಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿ ಕೈಗೊಂಡ ನಿರ್ಧಾರ ಹೆಚ್ಚು ದೂರಗಾಮಿಯಾದುದು. ಎರವಲು ಲೋಕದ ಪ್ರಧಾನ ಸೆಟ್ಟುಗಳು 2025ರಿಂದ ‘ಸ್ಟ್ಯಾಂಡರ್ಡ್’ ಎಂಬ ಮುಖ್ಯ ಪಂದ್ಯಮಾದರಿಯಲ್ಲಿಯೂ ಸಲ್ಲುತ್ತವೆ ಎಂದು ಅದು ಪ್ರಕಟಿಸಿತು. 2025ರ ಆರು ಪ್ರಧಾನ ಸೆಟ್ಟುಗಳಲ್ಲಿ ಮೂರು ಹೊರಗಿನವು: ‘ಫೈನಲ್ ಫ್ಯಾಂಟಸಿ’, ‘ಸ್ಪೈಡರ್-ಮ್ಯಾನ್’ ಹಾಗೂ ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’. ಅಲ್ಲಿಯವರೆಗೆ ಇಷ್ಟವಿದ್ದವರು ಕೊಳ್ಳುವ ವಿಶೇಷ ಸಂಚಿಕೆಯಂತಿದ್ದುದು, ಪಂದ್ಯವಾಡುವವರು ತಪ್ಪಿಸಿಕೊಳ್ಳಲಾಗದ ಪಠ್ಯಪುಸ್ತಕವಾಯಿತು.

ಮುನ್ನೋಟದ ಜಾಣ್ಮೆ

ಆರಂಭಿಕ ಮುನ್ನೋಟದ ಕಾರ್ಡುಗಳನ್ನು ಕೇವಲ ಜಾಹೀರಾತೆಂದು ತಳ್ಳಿಹಾಕುವುದು ನ್ಯಾಯವಾಗದು. ವಿನ್ಯಾಸಕಾರರ ಶ್ರದ್ಧೆ ಅವುಗಳಲ್ಲಿ ಎದ್ದು ಕಾಣುತ್ತದೆ. ವಿಡಿಯೊ ಗೇಮ್‌ನಲ್ಲಿ ಹತ್ತು ಸಾವಿರ ಮುಳ್ಳು ಎಸೆಯುವ ಕಳ್ಳಿಗಿಡದ ಪ್ರಾಣಿಯನ್ನು ಕಾರ್ಡಿಗೆ ತಂದಾಗ ಅದರ ದಾಳಿಯ ಬಲಕ್ಕೆ 9,999 ಸೇರುವಂತೆ ನಿಯಮ ಬರೆಯಲಾಗಿದೆ. ಅದರ ಮೂಲಬಲ 1 ಸೇರಿದರೆ ಲೆಕ್ಕ ಸರಿಯಾಗಿ ಹತ್ತು ಸಾವಿರ. ನಾಲ್ಕನೆಯ ಆಟದ ನಾಯಕ ಸೆಸಿಲ್ ಪಶ್ಚಾತ್ತಾಪದಿಂದ ಕತ್ತಲಯೋಧನ ವೇಷ ಕಳಚಿ ಧರ್ಮಯೋಧನಾಗುವ ಕತೆಯನ್ನು ಕಾರ್ಡಿನ ಎರಡು ಮಗ್ಗುಲುಗಳಲ್ಲಿ ಹೇಳಲಾಗಿದೆ. ‘ಶಿವಾ’ ಎಂಬ ಹಿಮದೇವತೆಯನ್ನು ಕರೆದರೆ ಆಕೆ ಕೆಲವು ಸರದಿಗಳ ಕಾಲ ನಿಂತು, ಕಾದಾಡಿ, ಮರೆಯಾಗುತ್ತಾಳೆ. ಮೂಲ ಆಟದಲ್ಲಿಯೂ ಹೀಗೆಯೇ.

1987ರಲ್ಲಿ ಹಿರೊನೊಬು ಸಕಾಗುಚಿ ಆರಂಭಿಸಿದ ಈ ಸರಣಿಯ ಹದಿನಾರು ಪ್ರಧಾನ ಆಟಗಳಿಂದಲೂ ಪಾತ್ರಗಳನ್ನು ಆರಿಸಲಾಗಿದೆ. ಬಾಲ್ಯದಲ್ಲಿ ಈ ಆಟಗಳನ್ನು ಆಡಿ ಬೆಳೆದ ಜಪಾನ್, ಅಮೆರಿಕ, ಯುರೋಪಿನ ಮಧ್ಯವಯಸ್ಕರಿಗೆ ಪ್ರತಿ ಕಾರ್ಡೂ ಒಂದೊಂದು ನೆನಪು. ಕಂಪನಿ ಮಾರುತ್ತಿರುವುದು ಈ ನೆನಪನ್ನೇ.

ಆದರೆ ಕರ್ನಾಟಕದ ಪಟ್ಟಣಗಳಲ್ಲಿ ಈ ನೆನಪು ಯಾರಿಗಿದೆ? ಏಳನೆಯ ‘ಫೈನಲ್ ಫ್ಯಾಂಟಸಿ’ 1997ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕೆ ಬಂದಾಗ ಇಲ್ಲಿನ ಬಹುತೇಕ ಮನೆಗಳ ಮಕ್ಕಳಿಗೆ ವಿಡಿಯೊ ಗೇಮ್ ಎಂದರೆ ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ಕ್ಯಾಸೆಟ್ ಯಂತ್ರ. ಅದರಲ್ಲಿ ಮಾರಿಯೊ, ಕಾಂಟ್ರಾ. ಆ ಕತೆಗಳನ್ನು ಆಡಿ ಬೆಳೆಯದ ಯುವಕನಿಗೆ ಮುನ್ನೋಟದಲ್ಲಿ ಕಾಣುವುದು ಎರವಲು ನೆನಪು. ನೆನಪಿನ ನಂಟಿಲ್ಲದ ಕಡೆ ಉಳಿಯುವ ಆಕರ್ಷಣೆ ಎರಡೇ: ಕಾರ್ಡಿನ ವಿರಳತೆ ಹಾಗೂ ಅದರ ಮರುಮಾರಾಟದ ಬೆಲೆ. ಆಟ ಇಲ್ಲಿ ಹಿಂದೆ ಸರಿಯುತ್ತದೆ, ಸಟ್ಟಾ ಮುಂದೆ ಬರುತ್ತದೆ.

ಬೆಲೆಯ ಲೆಕ್ಕ

ಈ ಸೆಟ್ಟಿನ ಸಾಮಾನ್ಯ ಪೊಟ್ಟಣಕ್ಕೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 6.99 ಡಾಲರ್, ಸಂಗ್ರಾಹಕರಿಗೆಂದೇ ತಂದ ‘ಕಲೆಕ್ಟರ್’ ಪೊಟ್ಟಣಕ್ಕೆ 37.99 ಡಾಲರ್. ಕಂಪನಿಯ ಸ್ವಂತ ಲೋಕದ ಸೆಟ್ಟುಗಳಿಗೆ ಅದೇ ವರ್ಷ ಇದ್ದ ಬೆಲೆ ಕ್ರಮವಾಗಿ 5.49 ಮತ್ತು 24.99 ಡಾಲರ್. ಎರವಲು ಕತೆಯ ಗೌರವಧನವನ್ನು ಗ್ರಾಹಕನೇ ತೆರಬೇಕು ಎಂಬುದು ಇದರಿಂದ ಸ್ಪಷ್ಟ. ಬೇಡಿಕೆ ಹೆಚ್ಚಿದಂತೆ ಅನೇಕ ಕಡೆ ನಿಗದಿತ ಬೆಲೆಗೂ ಮೀರಿ ಮಾರಾಟ ನಡೆಯಿತು.

ಆಮದು ಸುಂಕ, ಸಾಗಣೆ ವೆಚ್ಚಗಳನ್ನು ಬದಿಗಿಟ್ಟರೂ ಮೊದಲ ಪೊಟ್ಟಣಕ್ಕೆ ಸುಮಾರು 600 ರೂಪಾಯಿ, ಎರಡನೆಯದಕ್ಕೆ ಸುಮಾರು 3,250 ರೂಪಾಯಿ ಆಗುತ್ತದೆ. ಕರ್ನಾಟಕದಲ್ಲಿ 2025-26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಅಂದರೆ ಮುಚ್ಚಿದ ಒಂದು ಕಲೆಕ್ಟರ್ ಪೊಟ್ಟಣದ ಬೆಲೆ ಗ್ರಾಮೀಣ ಕಾರ್ಮಿಕನ ಎಂಟು ದಿನಗಳ ಕೂಲಿಗಿಂತ ಹೆಚ್ಚು. ಅದರೊಳಗೆ ಬಯಸಿದ ಕಾರ್ಡು ಇರುತ್ತದೆ ಎಂಬ ಖಾತರಿ ಇಲ್ಲ. ಈ ಸೆಟ್ಟಿನಲ್ಲಿ ಸುವರ್ಣವರ್ಣದ ‘ಚೊಕೊಬೊ’ ಪಕ್ಷಿಯ ಸಂಖ್ಯಾಂಕಿತ ಕಾರ್ಡುಗಳು ಇಡೀ ಜಗತ್ತಿಗೆ 77 ಮಾತ್ರ. ಯಾವ ಬಗೆಯ ಕಾರ್ಡು ಸಿಗುವ ಸಂಭವ ಶೇಕಡಾ ಎಷ್ಟು ಎಂಬ ವಿವರಗಳನ್ನು ಕಂಪನಿ ಪ್ರತ್ಯೇಕವಾಗಿ ಪ್ರಕಟಿಸುತ್ತದೆ, ನಿಜ. ಆದರೆ ಮುನ್ನೋಟದ ಚಿತ್ರ ಕೈಯಿಂದ ಕೈಗೆ ಹರಿದಾಡುವಾಗ ಆ ಶೇಕಡಾ ಲೆಕ್ಕ ಅದರ ಜೊತೆಗೆ ಬರುವುದಿಲ್ಲ.

ಮುನ್ನೋಟ ಹೇಳದ ಇನ್ನೊಂದು ಸಂಗತಿಯನ್ನು ಕಾಲವೇ ಹೇಳಿತು. ಒಂಬತ್ತನೆಯ ಆಟದ ಪುಟ್ಟ ಮಾಂತ್ರಿಕ ವಿವಿಯ ಕಾರ್ಡು ‘ಸ್ಟ್ಯಾಂಡರ್ಡ್’ ಪಂದ್ಯಗಳಲ್ಲಿ ಎಷ್ಟು ಪ್ರಬಲವಾಯಿತೆಂದರೆ, ಸ್ಪರ್ಧೆಗಿಳಿಯುವವರು ಒಂದೋ ಅದನ್ನು ಕೊಳ್ಳಬೇಕು, ಇಲ್ಲವೇ ಅದನ್ನು ಎದುರಿಸಲೆಂದೇ ಕಟ್ಟು ಜೋಡಿಸಬೇಕು ಎಂಬ ಸ್ಥಿತಿ ಉಂಟಾಯಿತು. ಕೊನೆಗೆ 2025ರ ನವೆಂಬರ್ 10ರಂದು ಕಂಪನಿಯೇ ಆ ಪಂದ್ಯಮಾದರಿಯಲ್ಲಿ ಅದನ್ನು ನಿಷೇಧಿಸಿತು. ದುಬಾರಿ ಬೆಲೆಗೆ ಕೊಂಡವರ ಕೈಯಲ್ಲಿ ಚಿತ್ರ ಉಳಿಯಿತು, ಸ್ಪರ್ಧೆಯ ಕಣದಲ್ಲಿ ಅದಕ್ಕಿದ್ದ ಸ್ಥಾನ ಹೋಯಿತು.

ಮೈಸೂರಿನ ಮಾದರಿ

ಕಾರ್ಡಿನ ಮೇಲೆ ಹೊರಗಿನ ಕತೆ ಕೂರಿಸುವುದು ಅಮೆರಿಕದ ಹೊಸ ಶೋಧವೆಂದು ಭಾವಿಸಬೇಕಿಲ್ಲ. ಗಂಜೀಫಾ ಮೂಲತಃ ಪರ್ಷಿಯಾದಿಂದ ಬಂದ ಆಟ. ಮೊಘಲ್ ದೊರೆ ಬಾಬರ್ 1527ರಲ್ಲಿ ಗಂಜೀಫಾ ಎಲೆಗಳನ್ನು ಸಿಂಧ್‌ಗೆ ಕಳುಹಿಸಿದ ಪ್ರಸ್ತಾಪ ಅವನ ಆತ್ಮಕಥನದಲ್ಲಿದೆ. ಎಂಟು ವರ್ಣಗಳ 96 ಎಲೆಗಳಿದ್ದ ಆ ಆಟಕ್ಕೆ ಭಾರತದಲ್ಲಿ ವಿಷ್ಣುವಿನ ಹತ್ತು ಅವತಾರಗಳು ಸೇರಿ 120 ಎಲೆಗಳ ದಶಾವತಾರ ಗಂಜೀಫಾ ಆಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಮುಂದೆ ಹೋದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಭಾಗದಲ್ಲಿ ‘ಛದ’ ಎಂದು ಕರೆದ ಹದಿಮೂರು ಬಗೆಯ ಎಲೆಯಾಟಗಳ ವಿವರಣೆ ಇದೆ. ಅವುಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು.

ಇದೂ ಎರವಲೇ. ಆದರೆ ಎರಡು ವ್ಯತ್ಯಾಸಗಳಿವೆ. ಎಲೆಯ ಮೇಲೆ ಬಂದ ಕತೆಗಳು ಆಡುವವರ ಮನೆಯವೇ ಆಗಿದ್ದವು. ಮತ್ಸ್ಯ, ಕೂರ್ಮ, ವರಾಹ ಯಾರೆಂದು ಯಾರೂ ಮುನ್ನೋಟ ಬಿಡುಗಡೆ ಮಾಡಿ ತಿಳಿಸಬೇಕಿರಲಿಲ್ಲ. ಎರಡನೆಯದಾಗಿ, ಗಂಜೀಫಾ ಕೊಂಡವನಿಗೆ ಪೂರ್ತಿ ಕಟ್ಟು ಸಿಗುತ್ತಿತ್ತು. 120 ಎಂದರೆ 120. ಅದೃಷ್ಟದ ಪಾತ್ರವಿದ್ದುದು ಎಲೆ ಹಂಚುವಾಗ, ಎಲೆ ಕೊಳ್ಳುವಾಗ ಅಲ್ಲ. ಇಂದಿನ ಪೊಟ್ಟಣ ಈ ಕ್ರಮವನ್ನು ತಲೆಕೆಳಗು ಮಾಡಿದೆ.

‘ಮೈಸೂರು ಗಂಜೀಫಾ’ಕ್ಕೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಮಳವಳ್ಳಿ ಇರುವ ಮಂಡ್ಯ ಜಿಲ್ಲೆಯದೇ ಆದ ಶ್ರೀರಂಗಪಟ್ಟಣದಲ್ಲಿ ನೆಲೆ ಮಾಡಿಕೊಂಡು ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಕಲೆಯ ಪುನರುಜ್ಜೀವನಕ್ಕೆ ದಶಕಗಳ ಕಾಲ ದುಡಿದಿದ್ದಾರೆ. ಆದರೆ ಗಂಜೀಫಾ ಗೋಡೆಗೆ ಏರಿದೆಯೇ ಹೊರತು ಜಗಲಿಗೆ ಮರಳಿಲ್ಲ. ಆಡುವವರಿಲ್ಲದ ಎಲೆ ಚಿತ್ರವಾಗಿ ಉಳಿಯುತ್ತದೆ. ಈ ಅಪಾಯ ‘ಮ್ಯಾಜಿಕ್’ ಕಾರ್ಡಿಗೂ ತಪ್ಪಿದ್ದಲ್ಲ: ಗಂಜೀಫಾ ಆಟಗಾರರನ್ನು ಕಳೆದುಕೊಂಡು ಸಂಗ್ರಹಯೋಗ್ಯವಾಯಿತು; ‘ಮ್ಯಾಜಿಕ್’ ಸಂಗ್ರಾಹಕರನ್ನು ಗಳಿಸುವ ಭರದಲ್ಲಿ ಆಟಗಾರರನ್ನು ಕಳೆದುಕೊಳ್ಳಬಹುದು.

ಕಾನೂನಿನ ಕುರುಡು ಮೂಲೆ

ಮಂಡ್ಯ ಜಿಲ್ಲೆಯ ಪತ್ರಿಕೆ ಓದುಗರಿಗೆ ‘ಇಸ್ಪೀಟು ಅಡ್ಡೆ ಮೇಲೆ ದಾಳಿ’ ಎಂಬ ಶೀರ್ಷಿಕೆ ಹೊಸದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಂದರ್-ಬಾಹರ್ ಆಡುವವರ ಮೇಲೆ ಪ್ರಕರಣ ದಾಖಲಾಗುತ್ತದೆ, ಪಣಕ್ಕಿಟ್ಟ ಹಣ ಜಪ್ತಿಯಾಗುತ್ತದೆ. ಆನ್‌ಲೈನ್ ಆಟಗಳನ್ನೂ ಇದರ ವ್ಯಾಪ್ತಿಗೆ ತರಲು ರಾಜ್ಯ ಸರ್ಕಾರ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾದರೂ ಸರಿ, ಈ ಕಾಯ್ದೆ ನಿಷೇಧಿಸುತ್ತದೆ.

ಕಾಗದದ ಕಾರ್ಡಿನ ಮುಚ್ಚಿದ ಪೊಟ್ಟಣ ಆನ್‌ಲೈನ್ ಆಟಗಳಿಗೆಂದು ಮಾಡಿದ ಈ ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಜೂಜೆಂದು ಕರೆದು ನಿಷೇಧಿಸಬೇಕೆಂಬುದೂ ದುಡುಕಿನ ಮಾತಾದೀತು. ಕೊಂಡವನಿಗೆ ಪ್ರತಿ ಬಾರಿಯೂ ಕಾರ್ಡುಗಳಂತೂ ಸಿಗುತ್ತವೆ, ಆಟಕ್ಕೆ ಬುದ್ಧಿಯೂ ಬೇಕು. ಆದರೆ ವಿಡಿಯೊ ಗೇಮ್‌ಗಳೊಳಗೆ ಹಣಕ್ಕೆ ಮಾರುವ ಇಂಥದೇ ಮುಚ್ಚಿದ ಪೆಟ್ಟಿಗೆಗಳನ್ನು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಜೂಜೆಂದೇ ಪರಿಗಣಿಸಿತು ಎಂಬುದನ್ನು ಗಮನಿಸಬೇಕು. ನಿಷೇಧಕ್ಕೂ ನಿರ್ಲಕ್ಷ್ಯಕ್ಕೂ ನಡುವೆ ಒಂದು ದಾರಿಯಿದೆ. ಸಂಭವನೀಯತೆಯ ಲೆಕ್ಕವನ್ನು ಪೊಟ್ಟಣದ ಮೇಲೆಯೇ ಓದಬಲ್ಲ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ಗ್ರಾಹಕ ಸಂರಕ್ಷಣೆಯ ವ್ಯವಸ್ಥೆ ಕೇಳಬಹುದು.

ಪೋಷಕರಿಗೂ ಒಂದು ಸರಳ ಮಾರ್ಗವಿದೆ. ಮಗ ಅಥವಾ ಮಗಳಿಗೆ ಆಟದಲ್ಲಿ ನಿಜವಾದ ಆಸಕ್ತಿಯಿದ್ದರೆ, ಆಡಲು ಸಿದ್ಧವಾಗಿ ಬರುವ ಪೂರ್ತಿ ಕಟ್ಟನ್ನು ಅಥವಾ ಬೇಕಾದ ಬಿಡಿ ಕಾರ್ಡನ್ನು ಬೆಲೆ ನೋಡಿ ಕೊಳ್ಳಬಹುದು. ‘ಫೈನಲ್ ಫ್ಯಾಂಟಸಿ’ ಸೆಟ್ಟಿನೊಂದಿಗೆ ಅಂಥ ನಾಲ್ಕು ಸಿದ್ಧ ಕಟ್ಟುಗಳೂ ಬಂದಿದ್ದವು. ಗಂಜೀಫಾ ಕೊಳ್ಳುತ್ತಿದ್ದ ಹಿರಿಯರ ರೀತಿಯೂ ಇದೇ ಆಗಿತ್ತು: ಕೈಗೆ ಏನು ಬರುತ್ತದೆ ಎಂದು ತಿಳಿದು ಹಣ ಕೊಡುವುದು.

ಮುಂದಿನ ಸೆಟ್ಟಿನ ಮುನ್ನೋಟವೂ ಇಷ್ಟೇ ಸುಂದರವಾಗಿರುತ್ತದೆ. ಅದನ್ನು ನೋಡಲು ಕಾಸು ಕೊಡಬೇಕಿಲ್ಲ. ಕಾಸು ಕೊಡುವ ಮುನ್ನ ನೋಡಬೇಕಾದುದು ಚಿತ್ರವನ್ನಲ್ಲ, ಪೊಟ್ಟಣದ ಲೆಕ್ಕವನ್ನು.