ಸೊಸೈಟಿಯಲ್ಲಿ ಪುಸ್ತಕದ ಬೀರು ಏಕೆ?



ಸಂಘದ ಕಛೇರಿಯ ಮೂಲೆಯಲ್ಲಿರುವ ಪುಸ್ತಕದ ಬೀರುವಿನ ಬಗ್ಗೆ ಕಳೆದ ಮಹಾಸಭೆಯಲ್ಲಿ ಮಾತು ಬಂದಿತು. ಗೊಬ್ಬರ, ಮೈಲುತುತ್ತ ಮಾರುವ ಸೊಸೈಟಿಗೆ ಕಾದಂಬರಿಗಳ ಉಸಾಬರಿ ಏಕೆ, ಆ ಜಾಗದಲ್ಲಿ ಹತ್ತು ಚೀಲ ಸುಣ್ಣ ಇಡಬಹುದಲ್ಲ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಬೀರುವನ್ನು ತೆಗೆಯಬೇಕೆಂಬ ಸೂಚನೆ ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರಲಿದೆ. ಅದಕ್ಕೆ ಮುಂಚೆ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಬೀರು ಇರಬೇಕು.

ಸುಣ್ಣದ ಮಾತು ಬಂದದ್ದರಿಂದ ಅಲ್ಲಿಂದಲೇ ಹೊರಡೋಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಈಗ ಮಕ್ಕಳ ಬಾಯಲ್ಲೂ ಇದೆ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆ ಹೊರತಂದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಆ ಕೆಲಸದಿಂದ. ಅಚ್ಚಾದ ಕಾಗದವೂ ಕೊನೆ ಉಳಿಸಿದೆ ಎಂದಾಯಿತು.

ಆದರೆ ಲಾಭದ ಮಾತನ್ನು ಇಲ್ಲಿಗೇ ಬಿಡುತ್ತೇವೆ. ಓದನ್ನೂ ಇಳುವರಿಯ ತಕ್ಕಡಿಗೆ ಹಾಕುವುದು ನಮಗೆ ಸರಿಕಾಣದು. ಓದುವುದು ಮುಖ್ಯವಾಗಿ ಸಂತೋಷಕ್ಕೆ. ಮೊದಲ ಸಿಂಪಡಣೆ ಮುಗಿದು, ಎರಡನೆಯದಕ್ಕೆ ಮಳೆ ಹೊಳವಾಗಲಿ ಎಂದು ಜಗಲಿಯಲ್ಲಿ ಕೂತು ಕಾಯುವ ಪುಷ್ಯ ಮಳೆಯ ದಿನಗಳು ಯಾರಿಗೆ ಗೊತ್ತಿಲ್ಲ? ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ಆಗ ಕೈಯಲ್ಲೊಂದು ಪುಸ್ತಕವಿದ್ದವನ ಮಧ್ಯಾಹ್ನವೇ ಬೇರೆ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ತೆಗೆದುಕೊಳ್ಳಿ. 1943ರ ಪುಸ್ತಕ. ಕುಮಾರಪರ್ವತದ ಸೆರಗಿನಲ್ಲಿ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ ಶಂಕರಿ. ಮಗ ಮನೆ ಬಿಟ್ಟು ಹೋಗಿದ್ದಾನೆ. ದಾರಿ ತಪ್ಪಿ ಬಂದ ಅಪರಿಚಿತನಿಗೆ ಆ ಮನೆಯಲ್ಲಿ ಸಿಗುವ ಉಪಚಾರ ನೋಡಬೇಕು. ಗಂಡ ತಮಾಷೆ ಮಾಡುತ್ತಾ ದುಃಖವನ್ನು ನುಂಗುತ್ತಾರೆ, ಹೆಂಡತಿಗೆ ನುಂಗಲಾಗುವುದಿಲ್ಲ. ಇಂದು ನಮ್ಮ ಸದಸ್ಯರ ಎಷ್ಟು ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ತೋಟದ ನಡುವೆ ಇಬ್ಬರೇ ಉಳಿದಿದ್ದಾರೆ? ಜಗಳವಾಡಿ ಹೋದವರಲ್ಲ, ನಿಜ; ಸಂಜೆಯ ಮೌನ ಮಾತ್ರ ಅದೇ. ಇದನ್ನು ಓದಿದ ನಮ್ಮ ಸದಸ್ಯರೊಬ್ಬರು ಪುಸ್ತಕ ಹಿಂದಿರುಗಿಸುವಾಗ ಏನೂ ಹೇಳಲಿಲ್ಲ. ಇನ್ನೊಂದು ಸಲ ಬರೆದುಕೊಳ್ಳಿ, ಮನೆಯವಳು ಓದಬೇಕಂತೆ ಎಂದರು. ನಮಗೆ ಅಷ್ಟು ಸಾಕು.

ತೇಜಸ್ವಿಯವರ ‘ಕರ್ವಾಲೊ’ (1980) ಬೇರೆ ಹದದ್ದು. ಮೂಡಿಗೆರೆ ಕಡೆಯ ಕತೆ. ಬರೆದವರೂ ಅಲ್ಲೇ ಕಾಫಿ ಬೆಳೆದವರು. ಊರವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನ ಕಣ್ಣಿಗೆ ಬಿದ್ದದ್ದು ಓದಿದವರ ಕಣ್ಣಿಗೂ ಬಿದ್ದಿರುವುದಿಲ್ಲ. ಅದನ್ನು ಓದಿದ ಮೇಲೆ ಕಾಫಿ ಗಿಡದ ಮೇಲಿನ ನೆರಳಿನ ಮರಗಳನ್ನು ಕೊಂಬೆ ಕಡಿಯಬೇಕಾದ ಲೆಕ್ಕವಾಗಿ ಮಾತ್ರ ನೋಡಲು ಆಗುವುದಿಲ್ಲ. ಹಾರುವ ಓತಿ ಎಲ್ಲಾದರೂ ಇದೆಯೇ ಎಂದು ತಲೆ ಮೇಲೆತ್ತುತ್ತೇವೆ. ಆಳುಗಳು ನಗುತ್ತಾರೆ, ನಗಲಿ.

ಪಂಚಾಯಿತಿ ಗ್ರಂಥಾಲಯ ಇದೆಯಲ್ಲ ಎಂಬ ವಾದವೂ ಬಂದಿತು. ಇದೆ, ಸಂತೋಷ. ಆದರೆ ಗೊಬ್ಬರಕ್ಕೆ ಹೇಗೂ ಬಂದವರು ಚೀಲದ ಮೇಲೆ ಒಂದು ಪುಸ್ತಕ ಇಟ್ಟುಕೊಂಡು ಹೋಗುವ ಅನುಕೂಲ ಅಲ್ಲಿಲ್ಲ. ಪುರಸೊತ್ತೆಲ್ಲಿದೆ ಎನ್ನುವವರಿಗೆ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರನ್ನು ನೆನಪಿಸಬೇಕು. ಅಡಿಕೆ ತೋಟವನ್ನೂ ನೋಡಿಕೊಂಡು, ನೀನಾಸಮ್ ಕಟ್ಟಿ, ಅಕ್ಷರ ಪ್ರಕಾಶನ ನಡೆಸಿದವರು ಅವರು.

ಇನ್ನೊಂದು ಮಾತು. ನಮ್ಮ ಪುಸ್ತಕದ ರಿಜಿಸ್ಟರ್ ನೋಡಿದರೆ ಸಹಿ ಯಜಮಾನರದ್ದು, ಓದು ಮನೆಯ ಹೆಂಗಸರದ್ದು. ಮಹಾಸಭೆಯಲ್ಲಿ ಕೈ ಎತ್ತುವಾಗ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಸೂಚನೆ ಮತಕ್ಕೆ ಬರುವ ಮುಂಚೆ ಮನೆಯಲ್ಲಿ ಒಮ್ಮೆ ಕೇಳಿಕೊಂಡು ಬರುವಂತೆ ನಿರ್ದೇಶಕರಲ್ಲಿ ನಮ್ಮ ವಿನಂತಿ.

ಸುಣ್ಣದ ಚೀಲಗಳಿಗೆ ಹಿಂದಿನ ಚಾವಡಿಯಲ್ಲಿ ಜಾಗ ಮಾಡಿದ್ದೇವೆ. ‘ಕರ್ವಾಲೊ’ ಕಳೆದ ಮಳೆಗಾಲದಿಂದ ಯಾರದೋ ಮನೆಯಲ್ಲಿದೆ. ದಯವಿಟ್ಟು ಈ ಸಂತೆಯ ದಿನ ತಂದುಕೊಡಿ, ಮೂವರು ಕಾಯುತ್ತಿದ್ದಾರೆ.

— ಕಾರ್ಯದರ್ಶಿ